ಕ್ಯಾಂಪಿನ ಇಕ್ಕಳ

ಮೊದಲ ಹೇಳತೇನಿ, ನಾ ಅದನ್ನ ತಿಂದಿಲ್ಲ.
ಮೂವತ್ತೊಂದ ವರ್ಷ ಮಾಡೇನಿ,
ಬಾಯಿಗಿ ಹಾಕಿಲ್ಲ.
ನಮ್ಮ ಮನ್ಯಾಗ ತತ್ತಿ ಸೈತ ಹೊಸ್ತಲಾ ದಾಟಂಗಿಲ್ಲ.
ಬೆಳಗಾವಿ ಕ್ಯಾಂಪು, ಕಾಯ್ತಾನ್ ಮಾಮಾನ ಬೇಕರಿ,
ಚಿಮಟಿಗಿಲೆ ಎತ್ತಿಡತೇನಿ ಹ್ಯಾಮಿನ ಹಾಳಿ,
ಗುಲಾಬಿ ಬಣ್ಣದ್ದು, ತೆಳ್ಳಗ,
ಹಸುಗೂಸಿನ ಕಿವಿ ಬಿಸಲಿಗಿ ಹಿಡದಂಗ.
ಮ್ಯಾಲ ಡಬ್ಬಿ ಚೀಜು, ಮತ್ತೊಂದ ಬ್ರೆಡ್ಡು,
ಹೊರಗ ಬೆಣ್ಣಿ,
ಇಕ್ಕಳದಾಗ ಮುಚ್ಚಿ ಕೆಂಡದ ಮ್ಯಾಲ.
ನೂರಾ ಎಂಟ ಎಣಸತೇನಿ.
ಹೊಳ್ಳಿಸಿ, ಮತ್ತ ಅರವತ್ತು.
ಬದಿಯಿಂದ ಚೀಜು ಚುರ್ ಅಂತ ಹೊರಗ ಇಣಕಿತಂದ್ರ
ಆತು.

ಇದು ಹುಟ್ಟಿದ್ದೆಲ್ಲಿ ಅಂತ ಕೇಳಬ್ಯಾಡ್ರಿ.
ಕೇಳಿದವರದೆಲ್ಲ ಈ ಅಂಗಡ್ಯಾಗ ಚಾ ಆರೇತಿ.

ಮಾಮಾ ಅಂತಾನ: ಲೋಂಡಾ ಸ್ಟೇಷನ್ನಿನ್ಯಾಗ.
ಅವನ ಅಜ್ಜ ಅಲ್ಲಿ ಊಟದ ಖೋಲಿ ನಡಸತಿದ್ದನಂತ.
ಘಟ್ಟದಾಗ ಹಳಿ ಮ್ಯಾಲ ಗುಡ್ಡ ಕುಸದು
ಗಾಡಿ ಹದಿನಾಕ ತಾಸ ನಿಂತು,
ನಿನ್ನಿನ ಬ್ರೆಡ್ಡು ಕಲ್ಲಾಗಿ,
ಗೋವಾದಿಂದ ಯಾರಿಗೋ ಹೊಂಟಿದ್ದ ಹ್ಯಾಮು
ಗೋಣಿಚೀಲದಾಗ ಮಾಲಕ ಇಲ್ಲದ ಕುಂತಿತ್ತು.
ಕದ್ದನೋ ಕೊಂಡನೋ, ಅಷ್ಟ ಮಾತ್ರ
ಮಾಮಾ ಇನ್ನೂ ಹೇಳಿಲ್ಲ.

ಮೇಜರ್ ತೀರಿಕೊಂಡ ಮ್ಯಾಲೂ ಇಲ್ಲೇ ಉಳದಾಕಿ
ಬೊಳ್ಳಮ್ಮ ಬಾಯಿ ಬೆತ್ತ ಕುಟ್ಟತಾಳ: ಸುಳ್ಳು.
ಮೆಸ್ಸಿನಾಗ ಹುಟ್ಟಿದ್ದು. ನಡುರಾತ್ರಿ
ಜೋಲಿ ಹೊಡಕೋತ ಬಂದ ಸಾಹೇಬರಿಗಿ
ಅಡಗಿಯವ ನಿದ್ದಿಗಣ್ಣಾಗ ಕೈಗಿ ಸಿಕ್ಕದ್ದೆಲ್ಲ
ಇಸ್ತ್ರಿ ಪೆಟಗಿಲೆ ಒತ್ತಿ ಕೊಟ್ಟದ್ದು.
ಇಸ್ತ್ರಿ ಪೆಟಗಿಲೆ?
ಹೂಂ, ಇಸ್ತ್ರಿ ಪೆಟಗಿಲೆ.

ಕಾನ್ವೆಂಟಿನ ಸಿಸ್ಟರ್ ಫ್ಲೋರಿನ್ ಸಾವಕಾಶ ನಕ್ಕು
ಫ್ರಾನ್ಸಿನವರದು ಅದು, ಅಂದಳು.
ಅವರ ಮಾತಿನ್ಯಾಗ ಇದಕ್ಕ
ಕುರುಂಕುರುಂ ಸಾಹೇಬ ಅಂತಾರಂತ.
ಮ್ಯಾಲೊಂದ ತತ್ತಿ ಒಡದ ಹಾಕಿದ್ರ
ಕುರುಂಕುರುಂ ಬಾಯಿಸಾಹೇಬ.
ತತ್ತಿ ಅಂದ್ರ ಆಕಿ ಟೊಪಗಿ.
ಅವತ್ತ ನಕ್ಕ ನಕ್ಕ ಎರಡ ಬ್ರೆಡ್ಡು ಕರಕಾದುವು.
ಈಗ ಮಾಮಾ ಗಲ್ಲೆದಿಂದ ಹಂಗ ಕೂಗತಾನ:
ಸಾತವ್ವಾ, ಒಂದ ಸಾಹೇಬ, ಎರಡ ಬಾಯಿ!

ಹುಟ್ಟಿನ ಮಾತ ಬಿಡ್ರಿ, ಬೆಳದದ್ದ ನೋಡ್ರಿ.
ಶಹಾಪುರದ ಸರಾಫಗ ಸಾಸಿವಿ ಸೇರಂಗಿಲ್ಲ,
ಶೇಂಗಾ ಚಟ್ನಿ ಉದರಸಬೇಕು.
ಪಲ್ಟಣಿ ಹುಡುಗರಿಗಿ ಹಸಿಮೆಣಸಿನಕಾಯಿ, ಹಸಿ ಉಳ್ಳಾಗಡ್ಡಿ.
ದವಾಖಾನಿ ನರ್ಸಬಾಯಿ ಅನಾನಸ್ ಹೋಳ ತಂದಳು,
ಮಾಮಾ ಆ ದಿನ ಯಾರ ಜೋಡಿನೂ ಮಾತಾಡಲಿಲ್ಲ.
ಒಬ್ಬ ಕಾಲೇಜ ಹುಡುಗ ಪಂತ ಕಟ್ಟಿ
ಒಳಗ ಕುಂದಾ ಇಟ್ಟ ಒತ್ತು, ಅಂದ.
ಒತ್ತಿದೆ.
ತಿಂದ.
ಮತ್ತ ಬರಲಿಲ್ಲ.

ಮಧ್ಯಾಹ್ನ ಮೂರಕ್ಕ ಅಂಗಡಿ ಖಾಲಿ.
ಕೆಂಪ ದಾರ ಕಟ್ಟಿದ ಎರಡನೇ ಇಕ್ಕಳ ನಂದು,
ಅದಕ್ಕ ಬ್ಯಾರೆ ಮೊಳಿ.
ಮುಂಜಾನಿ ಜ್ವಾಳದ ರೊಟ್ಟಿ ಮಡಚಿ
ನಡುವ ಚೀಜು, ಚಮಚೆ ರಂಜಕ,
ಕೆಂಡದ ಮ್ಯಾಲ ಅದೂ ಕುರುಂ ಅಂತೈತಿ.
ಇದಕ್ಕೇನಂತಾರ, ಅಂತ ಕೈ ಚಾಚತಾನ ಮಾಮಾ.
ಹೆಸರ ಇಟ್ರ ಜಗಳ ಹತ್ತತಾವ, ತಿನ್ನ ಸುಮ್ಮನ, ಅಂತೇನಿ.

ಆದ್ರ ಒಂದ ಮಾತ.
ಹ್ಯಾಮ್ ಯಾರದು ಕೇಳತಾರ, ಚೀಜ್ ಯಾವ ದೇಶದ್ದು ಕೇಳತಾರ,
ಇಕ್ಕಳ ಯಾರ ಬಡದದ್ದು ಅಂತ ಕೇಳೂದಿಲ್ಲ.
ಮೌನಪ್ಪ ಕಮ್ಮಾರ, ಖಡೇಬಜಾರದ ಹಿಂದಿನ ಓಣಿ.
ಮಿಲಿಟರಿ ಮೋಡಕಾದ ತಗಡು.
ಒಳಬದಿಗಿ ಉಳಿಲೆ ತನ್ನದೊಂದ 'ಮ' ಕೆತ್ತಿದ,
ತಿರಗಾಮುರಗಾ ಕೆತ್ತೂದ ಮರತ.
ಅದಕ್ಕ ಎಲ್ಲಾ ಬ್ರೆಡ್ಡಿನ ಮ್ಯಾಲ
ಕನ್ನಡ್ಯಾಗ ನೋಡಿದಂಥಾ ಕಂದ ಅಕ್ಷರ.
ಬೊಳ್ಳಮ್ಮ ಬಾಯಿ ಅದನ್ನ ಬಾತುಕೋಳಿ ಅಂತಾಳ.
ಸಿಸ್ಟರ್ ಮೀನ ಅಂತಾಳ, ಶಿಲುಬಿ ಹಾಕ್ಕೋತಾಳ.
ಮೌನಪ್ಪ ಹೋಗಿ ಹನ್ನೊಂದ ವರ್ಷ.
ಅವನೂ ನನ್ನಂಗ, ಇದರ ರುಚಿ ನೋಡಿದಾವಲ್ಲ,
ಬೆಣ್ಣಿ ವಾಸನಿ ಅಂದ್ರ ಮಾತ್ರ
ಮೂಗ ಅಗಲ ಮಾಡಿ ನಿಂತಕೊಂತಿದ್ದ

ತಡೀರಿ.
ಎಷ್ಟಕ್ಕ ಬಂದಿದ್ದೆ? ಎಂಬತ್ತೊ, ತೊಂಬತ್ತೊ?
ನಿಮ್ಮ ಜೋಡಿ ಮಾತಿಗಿ ಹತ್ತಿ ಎಣಿಕಿ ತಪ್ಪಿತು.
ಹೊಗಿ ನೋಡ್ರಿ, ಹೊಗಿ!