ಬೆಳ್ಳಿ ಪುಡಿ

ಜಾರ್ಜಿಯಾದ ಹೆದ್ದಾರಿ ಪಕ್ಕದ ಪೆಟ್ರೋಲ್ ಬಂಕಿನಲ್ಲಿ
ರಾತ್ರಿ ಪಾಳಿ ಡೆಲ್ಫೀನಳದು.
ಗಲ್ಲಾದ ಮಗ್ಗುಲಲ್ಲಿ ತೆರೆದ ರಸಾಯನ ಪುಸ್ತಕ,
ಗಾಜಿನಡಿ ಸುರುಳಿ ಸುರುಳಿ ಲಾಟರಿ.

ಹನ್ನೊಂದಕ್ಕೆ ಬರುತ್ತಾನೆ ಲೂಷಿಯಸ್,
ಆಸ್ಪತ್ರೆಯ ಹಾಸಿಗೆಬಟ್ಟೆ ಒಗೆದೂ ಒಗೆದೂ
ಬೆರಳ ತುದಿ ಬಿಳಿಚಿಕೊಂಡವನು.
ಐದು ಡಾಲರಿನವು ಎರಡು.
ಮನೆಯ ಕೀಲಿಯಿಂದಲೇ ಕೆರೆಯುತ್ತಾನೆ
ನಿಂತಲ್ಲೇ, ಉಸಿರು ಬಿಗಿಹಿಡಿದು,
ಗಾಯದ ಹಕ್ಕಳೆ ಕೀಳುವ ಹಾಗೆ.

"ಇವತ್ತೂ ಇಲ್ಲ, ಮಗಳೇ."
ಕಾಫಿಗೆ ಚಿಲ್ಲರೆ ಎಣಿಸುತ್ತಾನೆ; ಸಾಲದು.

ಇಲ್ಲಿ ಲಾಟರಿಯ ಲಾಭ ವಿದ್ಯಾರ್ಥಿವೇತನಕ್ಕೆ.
ಗೋಡೆಯ ಭಿತ್ತಿಪತ್ರ ಹೇಳುತ್ತಲೇ ಇದೆ:
ಕಪ್ಪು ಟೋಪಿ ಗಾಳಿಗೆ ತೂರಿ ನಗುವ ನಾಲ್ವರು,
ಕೆರೆಯುವವರು ಯಾರೂ ಇಲ್ಲ ಅದರಲ್ಲಿ.

ಶುಲ್ಕದ ರಸೀತಿಯಲ್ಲಿ ಅವಳು ಕಟ್ಟಬೇಕಾದದ್ದು ಸೊನ್ನೆ.
ಆ ಸೊನ್ನೆಯೊಳಗೆ ಎಷ್ಟು ಜನ ಹಿಡಿಸಿಯಾರು
ಅಂತ ಒಮ್ಮೆ ಲೆಕ್ಕಕ್ಕೆ ಕೂತು
ಲೂಷಿಯಸ್‌ನಲ್ಲೇ ನಿಂತುಬಿಟ್ಟಳು:
ವಾರಕ್ಕೆ ಐದು ರಾತ್ರಿ, ರಾತ್ರಿಗೆ ಹತ್ತು,
ಮತ್ತೆ ತಾನು ನಿದ್ದೆಗಣ್ಣಲ್ಲಿ
ಸುಮ್ಮನೆ ತಪ್ಪಿಸಿದ ಆ ಎರಡು ತರಗತಿ.

"ಏನು ಓದ್ತೀಯ?" ಕೇಳಿದ ಒಂದು ರಾತ್ರಿ.
"ನರ್ಸಿಂಗು."
"ದುಡ್ಡು ಯಾರದು?"
ಕಾಫಿ ಯಂತ್ರ ಗೊರಗುಟ್ಟಿತು.
"ಸರ್ಕಾರದ್ದು" ಅಂದಳು.
"ಪುಣ್ಯ. ಯಾರ ಜೇಬಿಗೂ ಭಾರವಿಲ್ಲ ಬಿಡು."

ಲೋಟ ತುಂಬ ತುಳುಕುವಷ್ಟು ಸುರಿದು ಕೊಟ್ಟಳು,
ಕಡಿಮೆ ಬಿದ್ದ ಚಿಲ್ಲರೆ ತನ್ನದೇ ಜೇಬಿಂದ ಹಾಕಿ.
ಬಾಗಿಲ ಗಂಟೆ ಕಿಣಿಕ್ಕೆಂದಿತು, ಅವನು ಹೋದ.

ನಾಳೆ ಪರೀಕ್ಷೆ. ಅಂಕ ಇಳಿದರೆ ವೇತನ ನಿಲ್ಲುತ್ತದೆ.
ಗಲ್ಲಾದ ಕಟ್ಟೆ ಒರೆಸಿದಳು.
ಬೆಳ್ಳಿ ಪುಡಿ ಜಾರಿ ಪುಸ್ತಕದ ಮಡಿಕೆಗೆ ಬಿತ್ತು.
ಊದಿದಳು.
ಹೋಗಲಿಲ್ಲ.