ಸೋಯಾ ರಟ್ಟು, ೧೯೪೭

ಸೀಟಿನ ಬಟ್ಟೆ ಸಿಕ್ಕಿತು, ಹದಿನಾಲ್ಕು ತಿಂಗಳಾದ ಮೇಲೆ.
ಬಾಗಿಲ ಹಿಡಿಕೆ ಸಿಕ್ಕಿತು, ಒಹಾಯೋದ ಒಬ್ಬ ವಿಧುರನ ಗ್ಯಾರೇಜಿನಲ್ಲಿ.
ಹಾರ್ನೂ ಸಿಕ್ಕಿತು, ಸ್ವಲ್ಪ ಕೆಮ್ಮುತ್ತಿತ್ತು ಅಷ್ಟೆ.
ಆಲ್ಮಾ ವಾಂಡರ್‌ಹೇಡನ್‌ಳ ಶೆಡ್ಡಿನಲ್ಲಿ
ನಲವತ್ತೇಳನೇ ಇಸವಿಯ ನ್ಯಾಶ್ ಕಾರು
ಬಾಸಿಂಗವಿಲ್ಲದ ಮದುಮಗನ ಹಾಗೆ ನಿಂತಿತ್ತು.

ಈಗಿನ ನಂಬರ್ ಪ್ಲೇಟು ಹಾಕಬಹುದಿತ್ತು.
ಒಂದು ದಿನ ಹಾಕಿಯೂ ನೋಡಿದಳು.
ಅಜ್ಜನ ಬಾಯಲ್ಲಿ ಹಾಲುಹಲ್ಲು ಕಂಡಂತಾಗಿ
ಕಳಚಿ ಒಳಗಿಟ್ಟಳು.

ಮೂವತ್ತೊಂದು ವರ್ಷ ಕೆವಾನಿಯಲ್ಲಿ ಶಾಲೆಯ ಬಸ್ಸು ಓಡಿಸಿದವಳು.
ಏಳೂ ಹತ್ತು ಅಂದರೆ ಏಳೂ ಹತ್ತು,
ಹಿಮ ಬಿದ್ದಿರಲಿ, ಮಗು ಇನ್ನೂ ಒಂದು ಬೂಟು ಹುಡುಕುತ್ತಿರಲಿ.
'ನಲವತ್ತೊಂಬತ್ತರದು ಬೇಕಾದಷ್ಟಿದೆ, ಲೋಹದ್ದು, ಗಟ್ಟಿ,'
ಅಂದ ಕ್ಲೀಟಸ್ ಬ್ರಾಂಟ್, ಹಳೇ ಸಾಮಾನಿನ ಸಂತೆಯಲ್ಲಿ.
'ಎರಡೇ ವರ್ಷದ ವ್ಯತ್ಯಾಸ. ಯಾರು ನೋಡುತ್ತಾರೆ?'
'ನಾನು.'

ತಗಡೆಲ್ಲ ಯುದ್ಧಕ್ಕೆ ಹೋದ ಕಾಲ.
ಇಲಿನಾಯ್‌ನವರು ಸೋಯಾ ಅವರೆ ಅರೆದು, ಒತ್ತಿ, ರಟ್ಟು ಮಾಡಿ
ಅದರ ಮೇಲೆ ಅಂಕಿ ಮೂಡಿಸಿ ಬಂಪರಿಗೆ ಬಿಗಿದರು.
ಯುದ್ಧ ಮುಗಿದರೂ ರಟ್ಟು ಮುಗಿಯಲಿಲ್ಲ, ಇನ್ನೂ ಕೆಲವು ವರ್ಷ.
ಮಳೆಗೆ ಉಬ್ಬಿತು, ಬಿಸಿಲಿಗೆ ಸುರುಳಿ ಸುತ್ತಿತು.
ಬೇಲಿಯ ಪಕ್ಕ ನಿಲ್ಲಿಸಿ ಒಂದು ಕಾಫಿ ಕುಡಿದು ಬರುವಷ್ಟರಲ್ಲಿ
ಕಾರಿಗೆ ಗುರುತೇ ಇಲ್ಲ.
ಆಡು ಮುಟ್ಟದ ಸೊಪ್ಪಿಲ್ಲ ಅನ್ನುವುದು ನಿಜ;
ಇಲ್ಲಿ ಅದು ಸರ್ಕಾರಕ್ಕೂ ಬಾಯಿ ಹಾಕಿತ್ತು.

ಮೂರು ಬೇಸಿಗೆ.
ಸತ್ತವರ ಮನೆಗಳ ಹರಾಜು, ಮೊಳೆ ಡಬ್ಬಿಗಳ ಅಡಿ,
ಯಾರದೋ ಮದುವೆ ಫೋಟೋಗಳ ಹಿಂದೆ ಬೆನ್ನು ಕೊಟ್ಟ ರಟ್ಟೆಲ್ಲ
ತಿರುಗಿಸಿ ನೋಡಿದಳು. ಒಂಟಿ ಪ್ಲೇಟು ಎರಡು ಸಿಕ್ಕವು,
ಒಂದಕ್ಕೊಂದು ಸಂಬಂಧವಿಲ್ಲ.
ಜೋಡಿ ಸಿಕ್ಕಿದ್ದು ಒಂದು ಕೋಳಿಗೂಡಿನಲ್ಲಿ,
ಚಳಿಗಾಳಿ ತಡೆಯಲು ಯಾರೋ ಹಲಗೆಯ ಬಿರುಕಿಗೆ ಬಡಿದದ್ದು.
ಮೊಳೆಯ ತೂತು ಏಳು. ಒಂದರ ಬಲಮೂಲೆಯಲ್ಲಿ
ಅರ್ಧ ಬಿಸ್ಕತ್ತಿನಷ್ಟು ಕಚ್ಚು.

ಕೋಳಿಯ ಯಜಮಾನಿ ದುಡ್ಡು ತೆಗೆದುಕೊಳ್ಳಲಿಲ್ಲ.
ಬಿರುಕಿಗೆ ಬೇರೆ ರಟ್ಟು ತಂದುಕೊಡು ಅಂದಳು.

ಕಚ್ಚು ತುಂಬಿ ಬಣ್ಣ ಬಳಿದುಕೊಡುವವನೊಬ್ಬನಿದ್ದಾನೆ ಪಿಯೋರಿಯಾದಲ್ಲಿ.
ಅವನ ಅಂಗಡಿಯವರೆಗೂ ಹೋಗಿ
ಕಾರಿನಿಂದ ಇಳಿಯದೆ ವಾಪಸು ಬಂದಳು.

ಕಚೇರಿಯ ಹುಡುಗಿ ಅಂಕಿ ಒತ್ತಿ, ಪರದೆ ನೋಡಿ,
'ಈ ನಂಬರು ಈಗ ಯಾರ ಹತ್ತಿರವೂ ಇಲ್ಲ' ಅಂದಳು,
ಒಳ್ಳೆಯ ಸುದ್ದಿ ಹೇಳುವ ಧಾಟಿಯಲ್ಲಿ.
ಒಳ್ಳೆಯ ಸುದ್ದಿಯೇ. ಆದರೂ ಸಹಿ ಹಾಕುವ ಮುಂಚೆ
ಆಲ್ಮಾಳ ಪೆನ್ನು ಸ್ವಲ್ಪ ಹೊತ್ತು ಗಾಳಿಯಲ್ಲೇ ಇತ್ತು.
ಇನ್ನೊಂದು ಷರತ್ತು: ಈಗಿನ ಪ್ಲೇಟು ಕಾರಿನಲ್ಲೇ ಇರಬೇಕು,
ಪೊಲೀಸರು ಕೇಳಿದರೆ ತೋರಿಸಲು.
ಹಾಗೆ ಚಾಲ್ತಿಯಲ್ಲಿದ್ದದ್ದು ಡಿಕ್ಕಿಯಲ್ಲಿ ಕಂಬಳಿ ಹೊದ್ದು ಮಲಗಿತು,
ಅವಧಿ ಮುಗಿದದ್ದು ಊರಿಗೆಲ್ಲ ಮುಖ ತೋರಿಸಿತು.

ಮಳೆಯ ಸುಳಿವಿದ್ದರೆ ಹೊರಡುವುದಿಲ್ಲ.

ಹೊರಟ ದಿನ, ಪೆಟ್ರೋಲ್ ಬಂಕಿನಲ್ಲಿ,
ಎಲ್ಡನ್ ಪ್ರಾಯ್ಸ್ ಎಂಬ ಮುದುಕ ತನ್ನ ಗಾಡಿ ಬಿಟ್ಟು ಬಂದ.
ಬಂಪರು ಹಿಡಿದು, ಒಂದೊಂದೇ ಮಂಡಿ ಮಡಿಸಿ ಕೂತ.
ಐದು ಎರಡು ಎಂಟು, ಸೊನ್ನೆ ಆರು ಒಂದು,
ಉಸಿರು ಬಿಡದೆ ಹೇಳಿದ, ಮಗ್ಗಿ ಒಪ್ಪಿಸುವ ಹುಡುಗನಂತೆ.
ಅಪ್ಪನ ಲಾರಿಯದಂತೆ. ಹೆಂಡತಿಯ ಫೋನ್ ನಂಬರು
ಚೀಟಿಯಲ್ಲಿ ಬರೆದಿಟ್ಟುಕೊಳ್ಳಬೇಕಂತೆ ಈಗ, ಇದು ಮಾತ್ರ ಇದೆ.

ಆಲ್ಮಾ ಬಗ್ಗಿ, ಗೊತ್ತಿದ್ದರೂ, ತನ್ನ ಅಂಕಿ ಮತ್ತೊಮ್ಮೆ ಓದಿದಳು.
ಅಲ್ಲ. ಅದಲ್ಲ.

ಅವನು ಹೆಬ್ಬೆರಳನ್ನು ಕಚ್ಚಿನ ಅಂಚಿನ ಮೇಲೆ ಎಳೆದ,
ಒಮ್ಮೆ ಮೇಲಿಂದ, ಒಮ್ಮೆ ಕೆಳಗಿಂದ.
'ಆಡೂ ನಮ್ಮದಲ್ಲ,' ಅಂದ ಕೊನೆಗೆ.
'ನಮ್ಮದು ಎಡಗಡೆಯಿಂದ ತಿನ್ನುತ್ತಿತ್ತು.'