ಅಳತೆ

ಅತ್ತೆಯ ಕಣ್ಣು ಮಂಜಾದ ಮೇಲೆ
ಸೂಜಿಗೆ ದಾರ ಪೋಣಿಸುವುದು ನನ್ನ ಪಾಲಿಗೆ ಬಂತು.
ಬೆಳಿಗ್ಗೆ ಇಪ್ಪತ್ತು ಪೋಣಿಸಿ ದಿಂಬಿಗೆ ಚುಚ್ಚಿಟ್ಟು
ಶಾಲೆಯ ಅಡುಗೆಮನೆಗೆ ಹೋಗುತ್ತೇನೆ.
ಸಂಜೆ ಬಂದರೆ ಇಪ್ಪತ್ತೂ ಖಾಲಿ.

ನಾರಿನ್ ಪೇಟೆಯಲ್ಲಿ ಬಾತ್ಮಾ ಎಲ್ಲಿ ಅಂತ ಕೇಳಿ,
ಯಾವ ಬಾತ್ಮಾ, ಕೌದಿ ಬಾತ್ಮಾನಾ? ಅನ್ನುತ್ತಾರೆ.
ನಮ್ಮ ಮಾತಿನಲ್ಲಿ ಅದು ಕುರಾಕ್.
ತೊಂಬತ್ತು ದಾಟಿದವರು ಸತ್ತ ಮನೆಯಲ್ಲಿ
ಬಟ್ಟೆ ಹರಿದು ಬಂದವರಿಗೆಲ್ಲ ಹಂಚುತ್ತಾರೆ.
ಆ ತುಂಡು ಸೇರಿಸಿ ಹೊಲಿದರೆ
ಹೊದ್ದವರಿಗೆ ಆಯಸ್ಸು ಅಂಟುತ್ತದಂತೆ.
ಅತ್ತೆ ಒಂದು ಸಾವನ್ನೂ ತಪ್ಪಿಸಿದವಳಲ್ಲ.

ಹೊಲಿದದ್ದೆಲ್ಲ ಕೊಡುವುದಕ್ಕೇ.
ಗುಲ್ಸಾನ ಮೂಲೆಯೊಂದನ್ನು ಬಿಡಿಸಿ ನೋಡಿ
ವಾಷಿಂಗ್ ಮೆಷೀನಿಗೆ ಹಾಕಬಹುದಾ ಅಂದಳು.
ಹೆರಿಗೆ ಡಾಕ್ಟರಮ್ಮ ಮೊಳೆ ಹೊಡೆದು
ಗೋಡೆಗೆ ತೂಗುಹಾಕಿದಳು.
ಚಹಾ ಕುಡಿದು ಹೊರಬಂದ ಅತ್ತೆ ಕೇಳಿದ್ದು ಇಷ್ಟೇ:
"ಗೋಡೆಗೆ ಚಳಿಯಾ?"
ಮೇಲಿನ ಬೀದಿಯ ತಾಜಿಖಾನ್ ಹನ್ನೊಂದು ವರ್ಷದಿಂದ
ಪೆಟ್ಟಿಗೆಯ ಮೇಲೆ ಮಡಿಸಿಟ್ಟಿದ್ದಾಳೆ,
ಅದಕ್ಕೆ ತಕ್ಕ ಅತಿಥಿ ಇನ್ನೂ ಬಂದಿಲ್ಲ.

ಎರ್ಮೆಕ್ ಅತ್ತೆಯ ತಂಗಿಯ ಮಗ, ಟ್ಯಾಕ್ಸಿ ಓಡಿಸುತ್ತಾನೆ.
ಅವನ ಮದುವೆಯ ಕೌದಿಗೆ ಮೂರು ಚಳಿಗಾಲ ಹಿಡಿಯಿತು.
ಸತ್ತ ತಂಗಿಯ ಮಖಮಲ್ ಅಂಗಿ ಕತ್ತರಿಸುವಾಗ
ಅತ್ತೆ ನನ್ನನ್ನು ಹೊರಗೆ ಕಳಿಸಿದ್ದಳು.
ಒಂದೇ ಒಂದು ತ್ರಿಕೋನ, ನಡುಮಧ್ಯೆ, ಕಡುನೇರಳೆ.

ಜನವರಿ. ಸೊನ್ನೆಗಿಂತ ಮೂವತ್ತು ಕೆಳಗೆ.
ಹಾಲು ತರಲು ಹೋದವರು ಎರ್ಮೆಕನ ಅಂಗಳ ದಾಟುವಾಗ
ಹಳೇ ಆಡಿ ಕಾರಿನ ಬಾನೆಟ್ಟಿನ ಮೇಲೆ ಕಂಡೆವು.
ಎಣ್ಣೆಯ ಕಲೆ. ಅಂಚಿಗೆಲ್ಲ ಹಿಮದ ಹರಳು.
ಗಾಳಿಗೆ ಹಾರದಿರಲೆಂದು ಮೇಲೆರಡು ಇಟ್ಟಿಗೆ.

ನಾನು ಹಾಲಿನ ಕ್ಯಾನು ಗಟ್ಟಿಯಾಗಿ ಹಿಡಿದುಕೊಂಡೆ.
ಅತ್ತೆ ಬೈಯಲಿಲ್ಲ. ಕೈಗವಸು ಕಳಚಿ
ಬೆರಳಿನಿಂದ ಹೊಲಿಗೆ ತಡವುತ್ತ ಹೋದಳು,
ಸಾಲು ತಪ್ಪದೆ, ಮಖಮಲ್ ಸಿಗುವವರೆಗೆ.
ಆಮೇಲೆ ಅಂಚೆತ್ತಿ ಅಂಗೈ ಒಳಗಿಟ್ಟಳು,
ಜ್ವರದ ಕೂಸನ್ನು ಮುಟ್ಟಿ ನೋಡುವ ಹಾಗೆ.

ಬಾಯಲ್ಲಿ ರೊಟ್ಟಿ ಇದ್ದಂತೆಯೇ ಎರ್ಮೆಕ್ ಓಡಿಬಂದ.
"ದೊಡ್ಡವ್ವ, ಇಂಜಿನ್ ಹೆಪ್ಪುಗಟ್ಟಿದರೆ ಗಿರಾಕಿ ಇಲ್ಲ...
ಬೇರೆ ಯಾವುದೂ ಇಷ್ಟು ಬಿಸಿ ಹಿಡಿಯಲ್ಲ,
ಎಲ್ಲ ಹಾಕಿ ನೋಡಿದೆ...
ರಾತ್ರಿ ಎರಡು ಸಲ ಎದ್ದು ಬರ್ತೀನಿ,
ಜಾರಿತೇನೋ ಅಂತ."

ಅತ್ತೆ ಇಟ್ಟಿಗೆಯನ್ನು ಮಖಮಲ್ಲಿನ ಮೇಲಿಂದ
ಒಂದು ಗೇಣು ಆಚೆ ಸರಿಸಿದಳು. ನಡೆದಳು.

ಆ ರಾತ್ರಿ ಊಟ ಬೇಡವೆಂದಳು.
ಕತ್ತೆ, ಅಂದಳು ಕತ್ತಲಲ್ಲಿ, ಯಾರಿಗೆಂದು ಗೊತ್ತಿಲ್ಲ.
ಬೆಳಿಗ್ಗೆ ನನ್ನ ಕೈಗೆ ದಾರದುಂಡೆ ಕೊಟ್ಟು
"ಹೋಗಿ ಬಾನೆಟ್ಟಿನ ಅಳತೆ ತಗೊಂಡು ಬಾ.
ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ,
ಕಾಲೇ ಇಲ್ಲದ್ದಕ್ಕೆ ಏನು ಲೆಕ್ಕ.
ಕಪ್ಪು ಬಟ್ಟೆ ಹಾಕೋಣ, ಎಣ್ಣೆ ಕಾಣಲ್ಲ.
ಹಳೇದನ್ನ ಕಿತ್ತುಕೊಂಡು ಬಾ, ಒಗೆದು ಕೊಡ್ತೀನಿ,
ಆ ಕತ್ತೆಗೂ ಒಂದಿಷ್ಟು ಹೊದೆಯಲಿ."

ಹೋದೆ. ದಾರಕ್ಕೆ ಎರಡು ಗಂಟು ಹಾಕಿಕೊಂಡು ಬಂದೆ,
ಉದ್ದಕ್ಕೊಂದು, ಅಗಲಕ್ಕೊಂದು.

ನನಗೆ ಈ ಮನೆಗೆ ಬಂದು ಹದಿನಾಲ್ಕು ವರ್ಷ.
ಹೊದೆಯುವುದು ಬಜಾರಿನ ಚೀನಾ ಕಂಬಳಿ,
ಅದರ ಮೇಲೊಂದು ಹುಲಿ, ಒಂದು ಕಣ್ಣು ಸವೆದಿದೆ.
ಅತ್ತೆ ಕೊಟ್ಟಿಲ್ಲ. ನಾನು ಕೇಳಿಲ್ಲ.
ಕೊಟ್ಟ ದಿನ ನನ್ನ ಮುಖ ಹೇಗಿರುತ್ತದೋ,
ಗುಲ್ಸಾನಳ ಹಾಗೆ ಏನಾದರೂ ಅಂದುಬಿಡುತ್ತೇನೋ
ಎಂದು ಒಮ್ಮೊಮ್ಮೆ ಹೆದರಿಕೆ.

ಇವತ್ತು ಎಣಿಸುವಾಗ ತಪ್ಪಿತು,
ಅಥವಾ ತಪ್ಪಲಿಲ್ಲ.
ದಿಂಬಿನಲ್ಲಿ ಇಪ್ಪತ್ತೊಂದು ಸೂಜಿ.